ಯಾವುದರಿಂದ ಭಾಗಿಸಬೇಕು?

ಮನೆಯ ಲೆಕ್ಕದಲ್ಲಿ ಗುಣಾಕಾರ ತಪ್ಪುವವರು ಕಡಿಮೆ. ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಕಲಬುರಗಿಯ ಕಡೆ ರಾಶಿ ಮುಗಿದ ಮೇಲೆ ವರ್ಷಕ್ಕಾಗುವಷ್ಟು ತೊಗರಿ ಕೊಂಡು ದಾಲ್ ಮಿಲ್ಲಿನಲ್ಲಿ ಬೇಳೆ ಮಾಡಿಸುವವರಿದ್ದಾರೆ. ತೊಗರಿ ಕಿಲೋಗೆ 80 ರೂಪಾಯಿ, ಅಂಗಡಿಯ ಬೇಳೆ 125 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಗೆ 45 ರೂಪಾಯಿ ಉಳಿಯಿತೆಂದು ಹಿಗ್ಗುವ ಮುನ್ನ, ಒಂದು ಕ್ವಿಂಟಲ್ ತೊಗರಿಗೆ ಸುಮಾರು 70 ಕಿಲೋ ಬೇಳೆ ಮಾತ್ರ ಬರುತ್ತದೆ, ಮಿಕ್ಕದ್ದು ಹೊಟ್ಟು, ನುಚ್ಚಾಗಿ ಹೋಗುತ್ತದೆ ಎಂಬುದನ್ನು ನೆನಪಿಡಬೇಕು. 8,000 ರೂಪಾಯಿಗೆ ಮಿಲ್ಲಿನ ಕೂಲಿ, ಸಾಗಣೆಯೆಂದು 500 ಸೇರಿಸಿ, ಒಟ್ಟನ್ನು ನೂರರಿಂದಲ್ಲ, 70ರಿಂದ ಭಾಗಿಸಿದರೆ ಕಿಲೋಗೆ 121 ರೂಪಾಯಿ ದಾಟುತ್ತದೆ. ಉಳಿಯುವುದು ನಾಲ್ಕು ರೂಪಾಯಿಗೂ ಕಡಿಮೆ. ಹೊಟ್ಟು ತಿನ್ನಲು ಮನೆಯಲ್ಲಿ ಎಮ್ಮೆಯಿದ್ದವರಿಗೆ ಇದು ಲಾಭವೇ. ಉಳಿದವರು ಬೇಳೆಯನ್ನೇ ಕೊಳ್ಳುವುದು ಲೇಸು.

ಕಂತಿನ ಸಾಲದಲ್ಲಿ ಇದೇ ತಪ್ಪು ದುಬಾರಿಯಾಗುತ್ತದೆ. 12,000 ರೂಪಾಯಿಗೆ ನೂರಕ್ಕೆ 12ರಂತೆ ವರ್ಷದ ಬಡ್ಡಿ 1,440 ಸೇರಿಸಿ, ತಿಂಗಳಿಗೆ 1,120ರಂತೆ 12 ಕಂತು ಮಾಡಿಕೊಡುತ್ತಾರೆ, ಕೇಳುವುದಕ್ಕೆ ಹಗುರ. ಆದರೆ ತಿಂಗಳಿಗೆ ಸಾವಿರದಂತೆ ಅಸಲು ತೀರುತ್ತಾ ಬರುವುದರಿಂದ, ಮೊದಲ ತಿಂಗಳು ನಿಮ್ಮ ಬಳಿ ಅವರ 12,000 ಇದ್ದರೆ ಕೊನೆಯ ತಿಂಗಳು ಇರುವುದು ಸಾವಿರವಷ್ಟೇ. ಸರಾಸರಿ ಹಿಡಿದರೆ 6,500. ಆ 6,500ಕ್ಕೆ 1,440 ಕೊಟ್ಟಿರೆಂದರೆ ಬಡ್ಡಿ ನೂರಕ್ಕೆ 22 ಬಿತ್ತು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯ ಕೈಸಾಲವೂ ವರ್ಷಕ್ಕೆ 24 ಆಗುತ್ತದೆ. ಎರಡಕ್ಕೂ ಹೆಚ್ಚು ಅಂತರವಿಲ್ಲ.

ಶಹಾಬಾದಿನ ಫರಸಿ ಹಾಸುವವರು ಚದರಡಿಯನ್ನಷ್ಟೇ ನಂಬಬಾರದು. ಕೋಣೆ ಹನ್ನೊಂದೂವರೆ ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲವಿದ್ದರೆ 109 ಚದರಡಿ ಚಿಲ್ಲರೆಯಾಗುತ್ತದೆ. ಎರಡಡಿಯ ಚೌಕ ಕಲ್ಲಿನ ನಾಲ್ಕು ಚದರಡಿಯಿಂದ ಭಾಗಿಸಿ 28 ಕಲ್ಲು ಸಾಕೆನ್ನುತ್ತಾರೆ. ಉದ್ದ, ಅಗಲಗಳನ್ನು ಬೇರೆಬೇರೆಯಾಗಿ ಭಾಗಿಸಿ ನೋಡಿ: ಒಂದು ಕಡೆ ಆರು ಸಾಲು, ಇನ್ನೊಂದು ಕಡೆ ಐದು, ಅಂದರೆ 30 ಕಲ್ಲು. ಅಂಚಿನಲ್ಲಿ ಕತ್ತರಿಸಿ ಉಳಿದ ಅರ್ಧ ಅಡಿಯ ಪಟ್ಟಿ ಬೇರೆಡೆ ಕೂರುವುದಿಲ್ಲ. ಒಡೆಯುವುದಕ್ಕೆಂದು ಮೇಲೆ ಎರಡು ಹಿಡಿದು, ಎಲ್ಲವನ್ನೂ ಒಂದೇ ಸಲಕ್ಕೆ ತರಿಸಿಕೊಳ್ಳಿ. ಆಮೇಲೆ ತಂದ ಕಲ್ಲಿನ ಬಣ್ಣ ಮೊದಲಿನದಕ್ಕೆ ಹೊಂದುವುದು ಕಷ್ಟ.