ಬೈಪೋಲಾರ್ ಕಾಯಿಲೆಯ ಮದ್ದು: ಕರಾವಳಿಯ ಮನೆಯಲ್ಲಿ ನಡೆಸಿಕೊಂಡು ಹೋಗುವ ಕ್ರಮ

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲಕಾಲ ಉನ್ಮಾದದ ಅತಿ ಉಬ್ಬರಕ್ಕೂ ಕೆಲಕಾಲ ಖಿನ್ನತೆಗೂ ಹೋಗುವ ಕಾಯಿಲೆ, ಇದೆಯೆಂದು ಗೊತ್ತಾಗಿ ಹದಿನಾಲ್ಕು ವರ್ಷಗಳಾದವು. ಅವನು ಕುಂದಾಪುರದ ಕಡೆಯ ಹಳ್ಳಿಯಲ್ಲಿದ್ದಾನೆ, ನಾನು ಉಡುಪಿಯಲ್ಲಿದ್ದೇನೆ. ಮದ್ದಿನ ಲೆಕ್ಕ ಮಾತ್ರ ನಮ್ಮಿಬ್ಬರದೂ. ಇಷ್ಟು ವರ್ಷಗಳಲ್ಲಿ ಅವನು ಎರಡು ಸಲ ಆಸ್ಪತ್ರೆ ಸೇರಿದ್ದಾನೆ. ಎರಡೂ ಸಲ ಮದ್ದು ಸೋತದ್ದಲ್ಲ. ಒಮ್ಮೆ ರಕ್ತಪರೀಕ್ಷೆಯ ಹೊತ್ತು ತಪ್ಪಿತ್ತು, ಇನ್ನೊಮ್ಮೆ ಸೊಂಟನೋವಿಗೆಂದು ತೆಗೆದುಕೊಂಡ ಗುಳಿಗೆ ಮುಖ್ಯ ಮದ್ದಿನ ಮೇಲೆ ಬಿದ್ದಿತ್ತು. ಯಾವ ಮದ್ದು, ಎಷ್ಟು ಎಂಬುದನ್ನು ತೀರ್ಮಾನಿಸುವವರು ಮನೋವೈದ್ಯರು. ಅವರು ಬರೆದುಕೊಟ್ಟದ್ದನ್ನು ಇಲ್ಲಿನ ಸೆಖೆ, ಮಳೆ, ಉಪವಾಸ ಮತ್ತು ರಾತ್ರಿಯಿಡೀ ನಡೆಯುವ ಆಟ (ಯಕ್ಷಗಾನ), ನೇಮ (ದೈವಾರಾಧನೆ)ಗಳ ನಡುವೆ ಹಳಿ ತಪ್ಪದಂತೆ ನಡೆಸಿಕೊಂಡು ಹೋಗುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲ ಕೆಲಸ ಹೆಸರು ಕಲಿಯುವುದು. ‘ಬೆಳಿಗ್ಗೆಯ ಬಿಳಿ ಗುಳಿಗೆ, ರಾತ್ರಿಯ ಗುಲಾಬಿ ಗುಳಿಗೆ’ ಎಂಬ ಲೆಕ್ಕ ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ಟ ದಿನವೇ ಕೆಡುತ್ತದೆ. ಗುಳಿಗೆಯ ಪಟ್ಟಿಯ (ಸ್ಟ್ರಿಪ್) ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣದಾಗಿ ಇರುವ ಲಿಥಿಯಂ ಕಾರ್ಬೊನೇಟ್, ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್, ಕ್ವೆಟಿಯಾಪಿನ್, ಓಲಾನ್ಜಪಿನ್ ಎಂಬುದೇ ಮದ್ದಿನ ನಿಜವಾದ ಹೆಸರು. ಇದನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಒಂದು, ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಒಂದು ಇಡಬೇಕು. ಹೆಸರಿನ ಮುಂದೆ ಎಸ್‌ಆರ್ ಅಥವಾ ಸಿಆರ್ ಎಂದಿದ್ದರೆ ಅದು ನಿಧಾನವಾಗಿ ಕರಗುವ ಗುಳಿಗೆ. ಅದನ್ನು ಪುಡಿ ಮಾಡಬಾರದು, ಅದರ ಬದಲಿಗೆ ಸಾಮಾನ್ಯ ಗುಳಿಗೆಯನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಲೂ ಬಾರದು.

ಲಿಥಿಯಂ: ಉಪ್ಪು, ಬೆವರು, ರಕ್ತಪರೀಕ್ಷೆ

ಈ ಕಾಯಿಲೆಯ ಮದ್ದುಗಳಲ್ಲಿ ಹಳೆಯದೂ ಇಂದಿಗೂ ಮುಂಚೂಣಿಯಲ್ಲಿರುವುದೂ ಲಿಥಿಯಂ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಇದು ಫಲ ಕೊಡುತ್ತದೆಂದು 1949ರಲ್ಲಿ ಪ್ರಕಟಿಸಿದರು. ಇದರ ದೊಡ್ಡ ತೊಡಕು ಇದು: ಫಲ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಕಿರಿದು. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಲೆಂದು ವೈದ್ಯರು ಸಾಮಾನ್ಯವಾಗಿ ಬಯಸುತ್ತಾರೆ, 1.5 ದಾಟಿದರೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳಬಹುದು, ವಯಸ್ಸಾದವರಲ್ಲಿ ಅದಕ್ಕೂ ಮೊದಲೇ.

ಆದ್ದರಿಂದಲೇ ರಕ್ತಪರೀಕ್ಷೆಗೆ ಗಡಿಯಾರ ನೋಡಿ ಹೋಗಬೇಕು. ಕೊನೆಯ ಗುಳಿಗೆ ನುಂಗಿದ 12 ಗಂಟೆಗಳ ಬಳಿಕ ತೆಗೆದ ರಕ್ತದ ಅಂಕಿಯೇ ಲೆಕ್ಕಕ್ಕೆ ಬರುವುದು: ರಾತ್ರಿ 9ಕ್ಕೆ ಗುಳಿಗೆ, ಬೆಳಿಗ್ಗೆ 9ಕ್ಕೆ ರಕ್ತ. ಬೆಳಿಗ್ಗೆಯೂ ಗುಳಿಗೆ ಇರುವವರು ಅದನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ನಾವು ಎಡವಿದ್ದು ಇಲ್ಲಿಯೇ. ಮೊದಲ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ತಮ್ಮ ಆರೂವರೆಗೆ ಗುಳಿಗೆ ನುಂಗಿ ಒಂಬತ್ತಕ್ಕೆ ರಕ್ತ ಕೊಟ್ಟ, ಅಂಕಿ 1.3 ಎಂದು ಬಂತು. ವೈದ್ಯರು ಸಹಜವಾಗಿಯೇ ಪ್ರಮಾಣ ಇಳಿಸಿದರು. ಆರು ವಾರ ಕಳೆಯುವಷ್ಟರಲ್ಲಿ ಅವನ ನಿದ್ದೆ ಮೂರು ಗಂಟೆಗೆ ಇಳಿದಿತ್ತು, ಮಲ್ಪೆಗೆ ಹೋಗಿ ಎರಡು ಹಳೆಯ ದೋಣಿ ಎಂಜಿನುಗಳಿಗೆ ಮುಂಗಡ ಕೊಟ್ಟು ಬಂದಿದ್ದ. ನಮ್ಮ ಮನೆಯಲ್ಲಿ ಯಾರಿಗೂ ದೋಣಿ ಇಲ್ಲ.

ಮದ್ದು ಆರಂಭಿಸಿದಾಗ ಅಥವಾ ಪ್ರಮಾಣ ಬದಲಿಸಿದಾಗ 5ರಿಂದ 7 ದಿನಗಳ ಬಳಿಕ ಪರೀಕ್ಷೆ ಆಗಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎಲ್ಲ ಸರಿಯಿದ್ದರೆ ಆಮೇಲೆ ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ. ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನೂ ಆರು ತಿಂಗಳಿಗೊಮ್ಮೆ ಜೊತೆಗೇ ಮಾಡಿಸುವುದು ವಾಡಿಕೆ. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ: ರಕ್ತ ತುಂಬುವ ಹಸಿರು ಮುಚ್ಚಳದ ಕೆಲವು ನಳಿಕೆಗಳ ಒಳಗೇ, ರಕ್ತ ಹೆಪ್ಪುಗಟ್ಟದಂತೆ ಹಾಕಿದ ಲಿಥಿಯಂ ಹೆಪಾರಿನ್ ಇರುತ್ತದೆ, ಅದರಲ್ಲಿ ಹಾಕಿದ ರಕ್ತ ಸುಳ್ಳು ಅಂಕಿ ತೋರಿಸುತ್ತದೆ. ‘ಇದು ಲಿಥಿಯಂ ಪರೀಕ್ಷೆ’ ಎಂದು ಸೂಜಿ ಹಿಡಿದವರಿಗೂ ಒಂದು ಮಾತು ಹೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಉಪ್ಪಿನ ವಿಚಾರ. ದೇಹದಲ್ಲಿ ಸೋಡಿಯಂ ಕಡಿಮೆಯಾದರೆ ಮೂತ್ರಪಿಂಡವು ಸೋಡಿಯಂ ಎಂದುಕೊಂಡು ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದು ಏರುತ್ತದೆ. ಉಪ್ಪು ಒಮ್ಮೆಗೇ ಹೆಚ್ಚಾದರೆ ಲಿಥಿಯಂ ಇಳಿಯುತ್ತದೆ. ಹಾಗಾಗಿ ಉಪ್ಪು ತಿನ್ನಬೇಕೋ ಬಿಡಬೇಕೋ ಎಂಬುದಕ್ಕಿಂತ ದಿನದಿಂದ ದಿನಕ್ಕೆ ಅದು ಒಂದೇ ಸಮನಾಗಿರಬೇಕು ಎಂಬುದು ಇಲ್ಲಿ ಮುಖ್ಯ. ಬಿಪಿ ಇದೆಯೆಂದು ಯಾರೋ ಹೇಳಿದ ಮಾತಿಗೆ ಉಪ್ಪಿನಕಾಯಿ, ಒಣಮೀನುಗಳನ್ನೆಲ್ಲ ಒಂದೇ ದಿನ ಬಿಡುವ ಮೊದಲು ಮನೋವೈದ್ಯರಿಗೆ ತಿಳಿಸಬೇಕು. ಏಪ್ರಿಲ್-ಮೇ ತಿಂಗಳ ಸೆಖೆಯಲ್ಲಿ ತೋಟದಲ್ಲೋ ದೋಣಿಯಲ್ಲೋ ದುಡಿಯುವವರ ಬೆವರಿನೊಂದಿಗೆ ನೀರೂ ಉಪ್ಪೂ ಹೋಗುತ್ತವೆ. ಬೊಂಡ (ಎಳನೀರು) ಕುಡಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿದೆ. ಬೊಂಡದಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಎಂದಿನಂತೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಜೊತೆಗೆ ಸಾಕಷ್ಟು ನೀರು ಈ ಕೆಲಸಕ್ಕೆ ಹೆಚ್ಚು ಒದಗುತ್ತವೆ.

ನೋವಿನ ಗುಳಿಗೆಗಳ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಐಬುಪ್ರೊಫೆನ್, ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ಲಿಥಿಯಂ ಅನ್ನು ಏರಿಸಬಲ್ಲವು. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಹೈಡ್ರೊಕ್ಲೋರೊಥಯಾಜೈಡ್ ಕೂಡ ಹಾಗೆಯೇ. ತೆಂಗಿನಕಾಯಿಯ ಗೋಣಿ ಹೊತ್ತು ಸೊಂಟ ಹಿಡಿದುಕೊಂಡಾಗ ತಮ್ಮ ಐದು ದಿನ ಅಸಿಕ್ಲೊಫಿನಾಕ್ ನುಂಗಿದ. ಆರನೆಯ ದಿನ ಅವನು ಚಹಾದ ಲೋಟ ಎತ್ತಿದರೆ ಅದು ತುಟಿ ಮುಟ್ಟುವ ಮೊದಲೇ ಮೊಣಕೈವರೆಗೆ ಚೆಲ್ಲಿತು. ಅಂಗಳದಲ್ಲಿ ಕಾಲು ಅಗಲ ಮಾಡಿ, ಅಲೆಯ ಮೇಲಿನ ದೋಣಿಯಲ್ಲಿ ನಿಂತವನಂತೆ ನಡೆಯುತ್ತಿದ್ದ. ಮಾತು ತೊದಲುತ್ತಿತ್ತು. ಅಮ್ಮ ಕುಡಿದು ಬಂದಿದ್ದಾನೆಂದು ಬೈದರು. ಆಸ್ಪತ್ರೆಯಲ್ಲಿ ನೋಡಿದಾಗ ಲಿಥಿಯಂ 1.9 ಇತ್ತು. ಬೆರಳ ತುದಿಯ ಸಣ್ಣ ನಡುಕ ಲಿಥಿಯಂ ತೆಗೆದುಕೊಳ್ಳುವ ಹಲವರಲ್ಲಿ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕೈ ಒರಟಾಗಿ ನಡುಗುವುದು, ವಾಂತಿ-ಭೇದಿ, ತೂರಾಡುವುದು, ತೊದಲುವುದು, ಮಂಕು ಕವಿಯುವುದು ಕಂಡರೆ ಮುಂದಿನ ಗುಳಿಗೆ ಕೊಡದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಮಾನ್ಯ ನೋವು-ಜ್ವರಕ್ಕೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಹಲ್ಲಿನ ವೈದ್ಯರಿರಲಿ, ಮೂಳೆ ವೈದ್ಯರಿರಲಿ, ಕುಳಿತ ಕೂಡಲೇ ಪರ್ಸಿನ ಚೀಟಿಯನ್ನು ಅವರ ಮೇಜಿನ ಮೇಲೆ ಇಡುವುದನ್ನು ರೂಢಿ ಮಾಡಿಕೊಳ್ಳಿ.

ಮಳೆಗಾಲ

ಸೋಡಿಯಂ ವಾಲ್‌ಪ್ರೊಯೇಟ್ ಗಾಳಿಯ ತೇವವನ್ನು ಹೀರುವ ವಸ್ತು. ವಾರದ ಏಳು ಮನೆಗಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಳಿಗೆ ತುಂಬಿಡುವ ಒಳ್ಳೆಯ ಪದ್ಧತಿಯನ್ನು ನಾವೂ ಹಿಡಿದಿದ್ದೆವು. ಜುಲೈ ತಿಂಗಳ ಮೂರನೆಯ ದಿನಕ್ಕೇ ಗುಳಿಗೆ ಮೆತ್ತಗಾಗಿ ತಳಕ್ಕೆ ಅಂಟಿಕೊಂಡಿತು, ಉಗುರಿನಿಂದ ಎಬ್ಬಿಸಬೇಕಾಯಿತು. ಈಗ ಪಟ್ಟಿಯನ್ನು ಕತ್ತರಿಯಿಂದ ಒಂದೊಂದೇ ಗುಳಿಗೆಯಾಗಿ ಕತ್ತರಿಸಿ, ಹಾಳೆ ಬಿಚ್ಚದೆ ಡಬ್ಬಿಗೆ ಹಾಕುತ್ತೇವೆ. ಅಡುಗೆಮನೆ, ಬಚ್ಚಲಿನ ಕಪಾಟು ಎರಡೂ ಬೇಡ.

ಮಳೆಗಾಲದ ಜ್ವರಗಳು ಇನ್ನೊಂದು ಬಗೆಯ ಅಪಾಯ. ಇಲಿಜ್ವರ ಮೂತ್ರಪಿಂಡಕ್ಕೆ ತಾಗಬಹುದು, ಆಗ ಲಿಥಿಯಂ ಹೊರಹೋಗುವ ದಾರಿಯೇ ಕಟ್ಟುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ವಾಲ್‌ಪ್ರೊಯೇಟ್ ಕೂಡ ಅದನ್ನು ಇಳಿಸಬಲ್ಲದು. ಜ್ವರ, ವಾಂತಿ, ಭೇದಿ ಇದ್ದು ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದೇ ದಿನ ಮನೋವೈದ್ಯರಿಗೆ ಕರೆ ಮಾಡಿ ಲಿಥಿಯಂ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಬೇಕು. ‘ಇಂಥ ದಿನ ಏನು ಮಾಡಲಿ’ ಎಂಬುದನ್ನು ಆರೋಗ್ಯವಿರುವಾಗಲೇ ಚೀಟಿಯ ಹಿಂದೆ ಬರೆಸಿಕೊಂಡಿದ್ದರೆ ಇನ್ನೂ ಒಳ್ಳೆಯದು. ಹಳ್ಳಿಯ ಮೆಡಿಕಲ್ ಅಂಗಡಿಗಳಲ್ಲಿ ಲಿಥಿಯಂ ಯಾವಾಗಲೂ ಸಿಗುವುದಿಲ್ಲವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನದ ಮದ್ದು ಹೆಚ್ಚಿಗೆ ಇಟ್ಟುಕೊಳ್ಳುವುದು ಕ್ಷೇಮ. ಆದರೆ ರೋಗಿ ಖಿನ್ನತೆಯಲ್ಲಿರುವಾಗ, ಬದುಕು ಬೇಡವೆಂಬ ಮಾತು ಬರುತ್ತಿರುವಾಗ, ಈ ದಾಸ್ತಾನು ಬೇರೆಯವರ ಬೀಗದ ಕೈಯಲ್ಲಿರಬೇಕು. ರೋಗಿಯ ಕೈಗೆ ಎರಡು-ಮೂರು ದಿನದ್ದು ಮಾತ್ರ.

ಆಟದ ರಾತ್ರಿ, ಏಕಾದಶಿಯ ಹಗಲು

ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ ಎಂಬುದು ಈ ಕಾಯಿಲೆಯಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮಲ್ಲಿ ನವೆಂಬರಿನಿಂದ ಮೇವರೆಗೆ ಯಕ್ಷಗಾನ, ಕಂಬಳ, ನೇಮ, ಕೋಲ ಹೆಚ್ಚಾಗಿ ರಾತ್ರಿಯೇ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯ ಪರ್ಯಾಯಕ್ಕೆ (ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಗುವ ಉತ್ಸವ) ಊರಿಗೆ ಊರೇ ಎಚ್ಚರವಿರುತ್ತದೆ. ಆಟಕ್ಕೆ ಹೋಗಲೇಬಾರದೆಂದು ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ. ಕಾಲಮಿತಿಯ ಪ್ರಯೋಗಗಳು ಈಗ ಸಾಕಷ್ಟಿವೆ. ಹನ್ನೊಂದರೊಳಗೆ ಮನೆಗೆ ಬಂದು ಗುಳಿಗೆ ನುಂಗಿ ಮಲಗಬಹುದು. ಕ್ವೆಟಿಯಾಪಿನ್ ನಿದ್ದೆ ತರುತ್ತದೆಂದು ಆಟ ಮುಗಿದ ಬೆಳಿಗ್ಗೆ ಐದಕ್ಕೆ ನುಂಗಿ ಬೈಕ್ ಹತ್ತುವವರಿದ್ದಾರೆ, ಅದು ಪ್ರಾಣಕ್ಕೇ ಕುತ್ತು.

ಉಪವಾಸದ ಮಾತು ಮದ್ದಿನಿಂದ ಮದ್ದಿಗೆ ಬೇರೆ. ನೀರನ್ನೂ ಬಿಡುವ ಏಕಾದಶಿಯಾಗಲಿ ರಂಜಾನಿನ ಹಗಲಾಗಲಿ ಲಿಥಿಯಂ ತೆಗೆದುಕೊಳ್ಳುವವರಿಗೆ ಅಪಾಯ ತರಬಲ್ಲದು, ಕೆಲವು ವಾರ ಮೊದಲೇ ವೈದ್ಯರನ್ನು ಕೇಳಬೇಕು. ಲುರಾಸಿಡೋನ್ ಎಂಬ ಗುಳಿಗೆ ಕನಿಷ್ಠ 350 ಕ್ಯಾಲೊರಿಯ ಊಟದೊಂದಿಗೆ ಹೋದರೆ ಮಾತ್ರ ಸರಿಯಾಗಿ ಮೈಗೆ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅರ್ಧ ವ್ಯರ್ಥ. ದೈವದ ಮುಂದೆ ಪ್ರಾರ್ಥನೆ ಮಾಡಿಕೊಳ್ಳುವುದಕ್ಕೂ ಮದ್ದಿಗೂ ಜಗಳವಿಲ್ಲ. ಹರಕೆ ಹೊತ್ತಿದ್ದೇವೆಂದು ಗುಳಿಗೆ ನಿಲ್ಲಿಸಿದರೆ ಮಾತ್ರ ಜಗಳ.

ಮರೆತರೆ, ನಿಲ್ಲಿಸಬೇಕೆನಿಸಿದರೆ

ಒಂದು ಹೊತ್ತಿನ ಗುಳಿಗೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಲ್ಯಾಮೊಟ್ರಿಜಿನ್‌ಗೆ ಇನ್ನೊಂದು ನಿಯಮವಿದೆ. ಅದನ್ನು ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ ಆರಂಭಿಸಿ ಎರಡೆರಡು ವಾರಕ್ಕೆ ಮೆಲ್ಲನೆ ಏರಿಸುತ್ತಾರೆ, ವಾಲ್‌ಪ್ರೊಯೇಟ್ ಜೊತೆಗಿದ್ದರೆ ಇನ್ನೂ ನಿಧಾನವಾಗಿ. ಅವಸರದಲ್ಲಿ ಏರಿಸಿದರೆ ಚರ್ಮ ಸುಲಿಯುವ ಸ್ಟೀವನ್ಸ್-ಜಾನ್ಸನ್ ಎಂಬ ಮಾರಕ ಸ್ಥಿತಿ ಬರಬಹುದು. ಐದು ದಿನಕ್ಕಿಂತ ಹೆಚ್ಚು ತಪ್ಪಿಹೋದರೆ ಹಳೆಯ ಪ್ರಮಾಣಕ್ಕೆ ಮರಳದೆ ವೈದ್ಯರನ್ನು ಕೇಳಬೇಕು, ಮತ್ತೆ ತಳದಿಂದಲೇ ಏರಬೇಕಾಗಬಹುದು. ಮೊದಲ ಎಂಟು ವಾರಗಳಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಬೆವರುಸಾಲೆಯೆಂದು ಪೌಡರ್ ಹಾಕಿ ಕೂರದೆ ಅದೇ ದಿನ ತೋರಿಸಬೇಕು. ಬಾಯಿ ಹುಣ್ಣು, ಕಣ್ಣು ಕೆಂಪು, ಜ್ವರ ಸೇರಿದರೆ ಗುಳಿಗೆ ನಿಲ್ಲಿಸಿ ತುರ್ತು ವಿಭಾಗಕ್ಕೇ ಹೋಗಬೇಕು.

ಎಲ್ಲಕ್ಕಿಂತ ಕಷ್ಟದ ಕಾಲ ಎಲ್ಲವೂ ಚೆನ್ನಾಗಿರುವ ಕಾಲ. ‘ಈಗ ಗುಣವಾಗಿದೆಯಲ್ಲ, ಇನ್ನೂ ಎಷ್ಟು ವರ್ಷ ತಿನ್ನುವುದು’ ಎಂದು ಮದುವೆ ಮನೆಯಲ್ಲಿ ಸಿಕ್ಕ ನೆಂಟರೆಲ್ಲ ಕೇಳುತ್ತಾರೆ. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರಳುವ, ಆತ್ಮಹತ್ಯೆಯ ಯೋಚನೆ ಬರುವ ಅಪಾಯ ಏರುತ್ತದೆ. ನಿಲ್ಲಿಸಲೇಬೇಕಾದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳ ಅವಧಿಯಲ್ಲಿ ವೈದ್ಯರೇ ಇಳಿಸುತ್ತಾರೆ. ನಿಲ್ಲಿಸಬೇಕೆನ್ನುವುದಕ್ಕೆ ಕಾರಣ ಹಲವು ಸಲ ನ್ಯಾಯವಾದದ್ದೇ: ತೂಕ ಏರಿದೆ, ಕೂದಲು ಉದುರುತ್ತಿದೆ, ಬೆಳಿಗ್ಗೆ ತಲೆ ಎತ್ತಲಾಗುತ್ತಿಲ್ಲ. ಅದನ್ನು ಹಟವೆಂದು ತಳ್ಳದೆ ವೈದ್ಯರ ಮುಂದೆ ಹೇಳಿಸಬೇಕು, ಬದಲಿ ದಾರಿಗಳಿರುತ್ತವೆ. ಓಲಾನ್ಜಪಿನ್, ಕ್ವೆಟಿಯಾಪಿನ್ ಆರಂಭಿಸುವ ದಿನವೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಲೆಸ್ಟ್ರಾಲ್ ಬರೆದಿಟ್ಟರೆ ಮುಂದೆ ಹೋಲಿಸಲು ಆಧಾರವಿರುತ್ತದೆ. ಗಂಜಿಯಲ್ಲಿ ಕಲಸಿ ಗುಟ್ಟಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಗೊತ್ತಾದ ದಿನ ಅನ್ನದ ಮೇಲೂ ಮನೆಯವರ ಮೇಲೂ ನಂಬಿಕೆ ಹೋಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ವಾಲ್‌ಪ್ರೊಯೇಟ್ ಗರ್ಭದ ಶಿಶುವಿನ ಬೆನ್ನುಹುರಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ಮಾಡಬಲ್ಲದು; ಮದುವೆಯ ಮಾತುಕತೆ ಆರಂಭವಾಗುವಾಗಲೇ ಈ ಬಗ್ಗೆ ವೈದ್ಯರೊಡನೆ ಮಾತಾಡಬೇಕು. ಗರ್ಭಿಣಿಯೆಂದು ಗೊತ್ತಾದ ಮೇಲೆ ಗಾಬರಿಯಿಂದ ಎಲ್ಲವನ್ನೂ ತಾವೇ ನಿಲ್ಲಿಸಬಾರದು, ಅದೇ ದಿನ ವೈದ್ಯರನ್ನು ಕಾಣಬೇಕು. ಹೆರಿಗೆಯ ನಂತರದ ವಾರಗಳಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು, ಆದ್ದರಿಂದ ಬಾಣಂತನದಲ್ಲಿ ರಾತ್ರಿಯ ಮಗುವನ್ನು ಬೇರೊಬ್ಬರು ನೋಡಿಕೊಂಡು ಬಾಣಂತಿಗೆ ನಿದ್ದೆ ಸಿಗುವಂತೆ ಮಾಡುವುದೂ ಮದ್ದಿನಷ್ಟೇ ಅಗತ್ಯ.

ದಾಖಲೆ ಮತ್ತು ನೆರವು

ನಮ್ಮ ದಾಖಲೆ ಗೋಡೆಯ ಕ್ಯಾಲೆಂಡರು. ದಿನದ ಚೌಕದಲ್ಲಿ ಮದ್ದಿಗೆ ಒಂದು ಗೆರೆ, ನಿದ್ದೆಯ ಗಂಟೆ ಎಷ್ಟೋ ಅಷ್ಟರ ಅಂಕಿ. ನಿದ್ದೆ ಸತತ ಎರಡು ರಾತ್ರಿ ಐದಕ್ಕಿಂತ ಕೆಳಗಿಳಿದು ದಣಿವೂ ಇಲ್ಲದಿದ್ದರೆ ತಮ್ಮನೇ ನನಗೆ ಫೋನ್ ಮಾಡಬೇಕು, ನಾನು ವೈದ್ಯರಿಗೆ. ಇದು ಅವನು ಸ್ವಸ್ಥನಾಗಿದ್ದಾಗ ಅವನೇ ಒಪ್ಪಿದ ಕರಾರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಮುಂದೆ ತನ್ನ ಚಿಕಿತ್ಸೆ ಹೇಗಿರಬೇಕು ಎಂಬುದನ್ನು ಮೊದಲೇ ಬರೆದಿಡುವ, ತನ್ನ ಪರವಾಗಿ ನಿರ್ಧರಿಸುವ ಪ್ರತಿನಿಧಿಯನ್ನು ಹೆಸರಿಸುವ ಹಕ್ಕೂ ರೋಗಿಗಿದೆ.

ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ; ಮಣಿಪಾಲ, ಕಂಕನಾಡಿ, ದೇರಳಕಟ್ಟೆಗಳ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಖರ್ಚು ಭಾರವಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲೂಕು ಆಸ್ಪತ್ರೆಗೆ ಬರುವ ದಿನವನ್ನು ಕೇಳಿಟ್ಟುಕೊಳ್ಳಿ, ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರು ಹೇಳಿ ವಿಚಾರಿಸಿ. ನಡುರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಮಾತಾಡುವವರಿದ್ದಾರೆ.

ಗಲ್ಫಿಗೆ ಹೋಗುವವರು ಮದ್ದನ್ನು ಮೂಲ ಪಟ್ಟಿಯಲ್ಲಿಯೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ, ಕೈಚೀಲದಲ್ಲಿ ಒಯ್ಯಬೇಕು. ನಿದ್ದೆ-ಆತಂಕಕ್ಕೆ ಕೊಡುವ ಕ್ಲೊನಾಜೆಪಾಮ್‌ನಂಥ ನಿಯಂತ್ರಿತ ಮದ್ದಿಗೆ ಯುಎಇಯಲ್ಲಿ ಅಲ್ಲಿನ ಸರ್ಕಾರದ ಪೂರ್ವಾನುಮತಿ ಬೇಕು, ಅದನ್ನು ಟಿಕೆಟಿನ ಜೊತೆಗೇ ಮಾಡಿಸಿಕೊಳ್ಳಬೇಕು. ಊರಿನ ರಾತ್ರಿ 9 ದುಬೈಯಲ್ಲಿ ಏಳೂವರೆ. ಮದ್ದಿನ ಹೊತ್ತನ್ನು ಅಲ್ಲಿನ ಗಡಿಯಾರಕ್ಕೆ ಹೇಗೆ ಹೊಂದಿಸಬೇಕೆಂದು ಬಜ್ಪೆಯಿಂದ ವಿಮಾನ ಹತ್ತುವ ಮೊದಲೇ ವೈದ್ಯರಿಂದ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.