ಮಾತ್ರೆ ತಗೊಂಡಿದ್ರೆ ಎಚ್‌ಐವಿ ಟೆಸ್ಟ್ ತಪ್ಪಾಗುತ್ತಾ? ನನ್ನ ಅನುಭವ

ನಾನು ಲ್ಯಾಬ್ ಟೆಕ್ನಿಶಿಯನ್. ರಕ್ತ ತೆಗೆಯುವುದು, ಎಚ್‌ಐವಿ ಟೆಸ್ಟ್ ಮಾಡುವುದು ನನ್ನ ದಿನನಿತ್ಯದ ಕೆಲಸ. "ಜ್ವರಕ್ಕೆ ಮಾತ್ರೆ ನುಂಗಿದ್ದೆ, ರಿಪೋರ್ಟ್ ಸರಿಯಾಗಿ ಬರುತ್ತಾ?" ಅಂತ ತುಂಬಾ ಜನ ಮೆಲ್ಲಗೆ ಕೇಳುತ್ತಾರೆ. ಬರುತ್ತದೆ, ಯೋಚನೆ ಮಾಡಬೇಡಿ ಅನ್ನುತ್ತಿದ್ದೆ. ಉತ್ತರ ಸರಿಯೇ. ಆದರೆ ಆ ಪ್ರಶ್ನೆ ಕೇಳುವವರ ಹೊಟ್ಟೆಯೊಳಗಿನ ಸಂಕಟ ಎಂಥದ್ದು ಅಂತ ಗೊತ್ತಾಗಿದ್ದು, ಎಚ್‌ಐವಿ ಇದ್ದವರ ರಕ್ತ ತೆಗೆದ ಸೂಜಿ ನನ್ನ ಬೆರಳಿಗೇ ಚುಚ್ಚಿದಾಗ.

ಮೊದಲು ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ತೊಳೆದೆ. ಬೆರಳನ್ನು ಹಿಂಡಲಿಲ್ಲ, ಹಿಂಡಬಾರದು. ಸೀದಾ ಡ್ಯೂಟಿ ಡಾಕ್ಟರ್ ಹತ್ತಿರ ಹೋದೆ. ಇಂಥ ಸೂಜಿಗಾಯದಿಂದ ಸೋಂಕು ತಗಲುವ ಸಾಧ್ಯತೆ 1,000ಕ್ಕೆ ಸುಮಾರು 3 ಅಂತ ನನಗೆ ಬಾಯಿಪಾಠ. ಆ ಹೊತ್ತಿಗೆ ಆ ಲೆಕ್ಕ ಯಾವ ಸಮಾಧಾನವನ್ನೂ ಕೊಡಲಿಲ್ಲ. ಅವತ್ತೇ ಪಿಇಪಿ ಶುರುವಾಯಿತು. ಸೋಂಕು ತಗಲಿರಬಹುದು ಅನ್ನುವಾಗ ಅದನ್ನು ತಡೆಯಲು ಕೊಡುವ ಮಾತ್ರೆ ಇದು. 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು. ಜೊತೆಗೆ ಅವತ್ತೇ ಒಂದು ಟೆಸ್ಟ್ ಕೂಡ ಆಯಿತು. ಚುಚ್ಚಿದ ದಿನವೇ ಟೆಸ್ಟ್ ಯಾಕೆ ಅಂತ ಕೇಳಬಹುದು. ಹೊಸ ಸೋಂಕು ಅದರಲ್ಲಿ ಕಾಣುವುದಿಲ್ಲ. ಮೊದಲೇ ಏನೂ ಇರಲಿಲ್ಲ ಅನ್ನುವುದಕ್ಕೆ ಅದೊಂದು ದಾಖಲೆ, ಅಷ್ಟೇ.

ಈಗ ಮಾತ್ರೆಗಳ ವಿಷಯ. ಸಾಮಾನ್ಯವಾಗಿ ಮಾಡುವ ಎಚ್‌ಐವಿ ಟೆಸ್ಟ್ ರಕ್ತದಲ್ಲಿ ಹುಡುಕುವುದು ಎರಡೇ ವಸ್ತು. ಒಂದು, ವೈರಸ್ಸಿನದೇ ಭಾಗವಾದ ಪಿ24 ಆಂಟಿಜೆನ್. ಇನ್ನೊಂದು, ವೈರಸ್ ವಿರುದ್ಧ ನಮ್ಮ ಮೈ ತಯಾರಿಸುವ ಆಂಟಿಬಾಡಿ. ಹಳೆಯ ಕಿಟ್‌ಗಳು ಆಂಟಿಬಾಡಿಯನ್ನು ಮಾತ್ರ ನೋಡುತ್ತವೆ, ನಾಲ್ಕನೇ ತಲೆಮಾರಿನವು ಎರಡನ್ನೂ ನೋಡುತ್ತವೆ. ಪ್ಯಾರಸಿಟಮಾಲ್, ಅಜಿಥ್ರೊಮೈಸಿನ್, ಸೆಟ್ರಿಜಿನ್, ಬಿಪಿ ಮಾತ್ರೆ, ಶುಗರ್ ಮಾತ್ರೆ, ಥೈರಾಯ್ಡ್ ಮಾತ್ರೆ, ಗರ್ಭನಿರೋಧಕ ಮಾತ್ರೆ, ಇವು ಯಾವುವೂ ಆ ಎರಡನ್ನು ಹುಟ್ಟಿಸುವುದೂ ಇಲ್ಲ, ಮರೆಮಾಚುವುದೂ ಇಲ್ಲ. ಹಿಂದಿನ ರಾತ್ರಿ ಕುಡಿದಿದ್ದರೂ ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದೂ ಇಲ್ಲ.

ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಔಷಧಿಗಳು ಬೆರಳೆಣಿಕೆಯಷ್ಟು. ಮುಖ್ಯವಾಗಿ ನಾನು ನುಂಗುತ್ತಿದ್ದ ಪಿಇಪಿ, ಮತ್ತೆ ಮುಂಜಾಗ್ರತೆಗೆ ತೆಗೆದುಕೊಳ್ಳುವ ಪಿಆರ್‌ಇಪಿ. ಇವು ಟೆಸ್ಟ್ ಕಿಟ್ಟನ್ನು ಕೆಡಿಸುವುದಿಲ್ಲ. ವೈರಸ್ ಹೆಚ್ಚದಂತೆ ಹಿಡಿದಿಡುತ್ತವೆ. ಒಂದು ವೇಳೆ ಸೋಂಕು ಆಗಿಯೇ ಬಿಟ್ಟಿದ್ದರೆ ಆಂಟಿಜೆನ್, ಆಂಟಿಬಾಡಿ ಎರಡೂ ಕಾಣಿಸಿಕೊಳ್ಳುವುದು ತಡವಾಗಬಹುದು. ಹಾಗಾಗಿ ಬದಲಾಗುವುದು ತಾರೀಖು. ಈ ಮಾತ್ರೆ ತೆಗೆದುಕೊಳ್ಳದವರಿಗೆ, ಸೋಂಕು ತಗಲಿರಬಹುದಾದ ಘಟನೆ ನಡೆದು 45 ದಿನ ಆದಮೇಲೆ, ತೋಳಿನಿಂದ ತೆಗೆದ ರಕ್ತದಲ್ಲಿ, ಲ್ಯಾಬ್‌ನಲ್ಲಿ ಮಾಡಿದ ನಾಲ್ಕನೇ ತಲೆಮಾರಿನ ಟೆಸ್ಟ್ ನೆಗೆಟಿವ್ ಬಂದರೆ ಅಲ್ಲಿಗೆ ಮುಗಿಯಿತು. ಬೆರಳು ಚುಚ್ಚಿ ಮಾಡುವ ಕಿಟ್‌ಗಾದರೆ 90 ದಿನ ಕಾಯಬೇಕು. ಪಿಇಪಿ ತೆಗೆದುಕೊಂಡವರು ಕೋರ್ಸ್ ಮುಗಿದ ಮೇಲೆ 45 ದಿನ ಎಣಿಸಬೇಕು ಅನ್ನುತ್ತಾರೆ ಕೆಲವು ಕಡೆ, ಘಟನೆಯಿಂದ 12 ವಾರ ಅನ್ನುತ್ತಾರೆ ಇನ್ನು ಕೆಲವು ಕಡೆ. ನನ್ನ ಡಾಕ್ಟರ್ 12 ವಾರ ಅಂದರು. ಆ ಒಂದು ತಾರೀಖನ್ನು ಹಿಡಿದುಕೊಂಡೆ, ಇನ್ನೊಂದರ ತಂಟೆಗೆ ಹೋಗಲಿಲ್ಲ. ಆರು ತಿಂಗಳು ಅನ್ನುವ ಮಾತು ಇನ್ನೂ ಕೇಳಿಬರುತ್ತದಲ್ಲ, ಅದು ಹಳೆಯ ಟೆಸ್ಟ್‌ಗಳ ಕಾಲದ್ದು.

ಉಳಿದವು: ಎಚ್‌ಐವಿ ಇದ್ದು ಚಿಕಿತ್ಸೆಯಲ್ಲಿರುವವರು ಮತ್ತೆ ಟೆಸ್ಟ್ ಮಾಡಿಸಿದರೆ, ಅದರಲ್ಲೂ ಬಾಯಿಯ ದ್ರವದ ಟೆಸ್ಟ್ ಆದರೆ, ಕೆಲವೊಮ್ಮೆ ಸುಳ್ಳು ನೆಗೆಟಿವ್ ಬರಬಹುದು. ಕೀಮೋಥೆರಪಿ ಅಥವಾ ಅಂಗ ಕಸಿಯ ನಂತರದ ಔಷಧಿಯಲ್ಲಿರುವವರ ಮೈ ಆಂಟಿಬಾಡಿ ಮಾಡುವುದು ನಿಧಾನವಾಗಬಹುದು. ಅಂಥವರು ಡಾಕ್ಟರಿಗೆ ಮೊದಲೇ ಹೇಳಬೇಕು. ಇನ್ನು ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್. ಇದು ಯಾರಿಗೂ ಹೊಳೆಯುವುದಿಲ್ಲ. ಕೆಲವು ಲ್ಯಾಬ್ ಮಷೀನ್‌ಗಳ ಟೆಸ್ಟ್ ವಿಧಾನದಲ್ಲೇ ಬಯೋಟಿನ್ ಬಳಕೆ ಇದೆ. ರಕ್ತದಲ್ಲಿ ಅದು ವಿಪರೀತ ಇದ್ದರೆ ಫಲಿತಾಂಶ ಏರುಪೇರಾಗಬಹುದು. ದಿನಕ್ಕೆ ನಮಗೆ ಬೇಕಾಗಿರುವುದು ಸುಮಾರು 30 ಮೈಕ್ರೋಗ್ರಾಂ, ಕೂದಲಿನ ಮಾತ್ರೆಯಲ್ಲಿ ಇರುವುದು ಎಷ್ಟೋ ಸಲ 5 ಅಥವಾ 10 ಮಿಲಿಗ್ರಾಂ. ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ಹೇಳಿಬಿಡಿ.

ನನ್ನ ವಿಷಯದಲ್ಲಿ ನಿಜವಾಗಿ ಎಚ್ಚರ ಬೇಕಾಗಿದ್ದು ಬೇರೆ ಕಡೆ. ಪಿಇಪಿಯಲ್ಲಿದ್ದ ಡೊಲುಟೆಗ್ರಾವಿರ್ ಅನ್ನುವ ಔಷಧಿಗೂ ಎದೆಯುರಿಗೆ ತೆಗೆದುಕೊಳ್ಳುವ ಅಂಟಾಸಿಡ್‌ಗೂ ಆಗಿಬರುವುದಿಲ್ಲ. ಅಲ್ಯುಮಿನಿಯಂ, ಮೆಗ್ನೀಷಿಯಂ ಇರುವ ಅಂಟಾಸಿಡ್ ಜೊತೆಗೆ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಂಟಾಸಿಡ್ ಬೇಕೇ ಬೇಕು ಅಂದರೆ ಡೊಲುಟೆಗ್ರಾವಿರ್ ಅದಕ್ಕಿಂತ 2 ಗಂಟೆ ಮುಂಚೆ, ಇಲ್ಲವೇ 6 ಗಂಟೆ ಆದಮೇಲೆ. ಹೊಟ್ಟೆ ತೊಳಸುತ್ತಿದ್ದ ನನಗೆ ಅಂಟಾಸಿಡ್ ಕಡೆಗೇ ಕೈ ಹೋಗುತ್ತಿತ್ತು. ಫಾರ್ಮಸಿಯವರು ಗಂಟೆ ಲೆಕ್ಕವನ್ನು ಮಾತ್ರೆ ಡಬ್ಬಿಯ ಮೇಲೇ ಬರೆದುಕೊಟ್ಟರು.

ಇದೆಲ್ಲ ಗೊತ್ತಿದ್ದೂ ತಲೆ ಸುಮ್ನಿರಲಿಲ್ಲ. ಸೋಂಕಿನ ಲಕ್ಷಣವಾಗಿ ಕುತ್ತಿಗೆಯಲ್ಲಿ ಗಡ್ಡೆ ಎದ್ದಿದೆಯಾ ಅಂತ ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡುತ್ತಿದ್ದೆನೋ, ಮುಟ್ಟಿ ಮುಟ್ಟಿ ಅಲ್ಲಿ ನೋವೇ ಬಂತು. ನೋವು ಬಂದಿದ್ದಕ್ಕೆ ಮತ್ತೆ ಭಯ. ರಾತ್ರಿ ಬೆವರಿದರೆ ಭಯ, ಹೊಟ್ಟೆ ಕೆಟ್ಟರೆ ಭಯ. ಇವೆಲ್ಲ ಬರೀ ಆತಂಕದಿಂದಲೂ ಆಗುತ್ತವೆ. ಲಕ್ಷಣ ನೋಡಿ ಎಚ್‌ಐವಿ ಇದೆ ಅಥವಾ ಇಲ್ಲ ಅಂತ ಯಾರೂ ಹೇಳುವುದಕ್ಕೆ ಆಗುವುದಿಲ್ಲ.

ಟೆಸ್ಟ್ ಕಿಟ್ ಕೈಗೆಟುಕುವ ದೂರದಲ್ಲೇ ಇತ್ತು, ಅದೇ ದೊಡ್ಡ ಕಷ್ಟ. ಯಾವಾಗ ಬೇಕಾದರೂ ಒಂದು ಹಾಕಿ ನೋಡಬಹುದಿತ್ತು. ನಮ್ಮ ಕೌನ್ಸೆಲರ್ ಅಕ್ಕನ ಹತ್ತಿರ ಹೇಳಿಕೊಂಡೆ. "ಇವತ್ತು ನೆಗೆಟಿವ್ ಬಂದ್ರೆ ನಂಬ್ತೀಯಾ?" ಅಂದರು. ಇಲ್ಲ ಅಂದೆ. "ಮತ್ಯಾಕೆ ಹಾಕ್ತೀಯ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರ್ ಹೇಳಿದ ತಾರೀಖುಗಳಿಗೆ ಮಾತ್ರ ಟೆಸ್ಟ್, ಅದನ್ನೂ ಬೇರೆ ಟೆಕ್ನಿಶಿಯನ್ ಮಾಡಬೇಕು ಅಂತ ಅವತ್ತೇ ತೀರ್ಮಾನವಾಯಿತು. ಇಂಟರ್ನೆಟ್‌ನಲ್ಲಿ ಹುಡುಕಬೇಕು ಅನ್ನಿಸಿದ ಪ್ರಶ್ನೆಯನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಅಕ್ಕನಿಗೆ ಕೊಡುತ್ತಿದ್ದೆ. ಕೊಡುವ ಹೊತ್ತಿಗೆ ಅರ್ಧ ಪ್ರಶ್ನೆ ಓದಲು ನನಗೇ ನಾಚಿಕೆಯಾಗುತ್ತಿತ್ತು. ಕುತ್ತಿಗೆ ಮುಟ್ಟಿ ನೋಡುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು.

ಕೊನೆಯ ಟೆಸ್ಟ್ ಮಷೀನ್‌ನಲ್ಲಿ ಆಯಿತು. ರಿಪೋರ್ಟ್‌ನಲ್ಲಿ 'ನಾನ್ ರಿಯಾಕ್ಟಿವ್', ಅಂದರೆ ನೆಗೆಟಿವ್, ಪಕ್ಕದಲ್ಲಿ ಒಂದು ಸಂಖ್ಯೆ. ಈ ಸಂಖ್ಯೆ ಎಷ್ಟೋ ಜನರ ನಿದ್ದೆ ಕೆಡಿಸುತ್ತದೆ. ಹೋದ ಸಲ 0.12 ಇತ್ತು, ಈಗ 0.25 ಆಗಿದೆ, ಏರುತ್ತಿದೆಯಾ ಅಂತ ಕೇಳುತ್ತಾರೆ. ಇಂಥ ಮಷೀನ್‌ಗಳಲ್ಲಿ ಸಾಮಾನ್ಯವಾಗಿ 1ಕ್ಕಿಂತ ಕಡಿಮೆ ಅಂದರೆ ನೆಗೆಟಿವ್, ಅದರೊಳಗಿನ ಏರಿಳಿತಕ್ಕೆ ಅರ್ಥವಿಲ್ಲ. ಒಂದು ವೇಳೆ ರಿಯಾಕ್ಟಿವ್ ಬಂದರೂ ಅದು ಕೊನೆಯ ಮಾತಲ್ಲ. ಬೇರೆ ಟೆಸ್ಟ್‌ಗಳಲ್ಲಿ ಖಚಿತ ಮಾಡಿಕೊಳ್ಳದೆ ಯಾರಿಗೂ ಪಾಸಿಟಿವ್ ಅಂತ ಹೇಳುವಂತಿಲ್ಲ. ಖಚಿತವಾದರೂ ಈಗ ಒಳ್ಳೆಯ ಚಿಕಿತ್ಸೆ ಇದೆ. ಮಾತ್ರೆ ಸರಿಯಾಗಿ ತೆಗೆದುಕೊಂಡು ವೈರಸ್ ಟೆಸ್ಟ್‌ನಲ್ಲಿ ಕಾಣದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ.

ಸರಿಯಾದ ತಾರೀಖಿಗೆ ಮಾಡಿಸಿದ ಟೆಸ್ಟ್ ನೆಗೆಟಿವ್ ಬಂದಮೇಲೂ "ಅವತ್ತು ಕೆಮ್ಮಿನ ಸಿರಪ್ ಕುಡಿದಿದ್ದೆ, ಅದಕ್ಕೇ ಇರಬೇಕು" ಅಂತ ಅನ್ನಿಸುತ್ತಿದ್ದರೆ ಇನ್ನೊಂದು ಟೆಸ್ಟ್‌ಗೆ ಬರಬೇಡಿ. ನಿಮ್ಮ ರಕ್ತದಲ್ಲಿ ಹುಡುಕುವುದಕ್ಕೆ ನಮಗೆ ಹೊಸದಾಗಿ ಏನೂ ಉಳಿದಿರುವುದಿಲ್ಲ. ಆ ಭಯವನ್ನೇ ಮಾನಸಿಕ ತಜ್ಞರಿಗೆ ತೋರಿಸಿ. ಅವರು ಮಾತ್ರೆ ಬರೆದುಕೊಟ್ಟರೆ ಹೆದರದೆ ತಗೊಳ್ಳಿ, ಅದರಿಂದಲೂ ಎಚ್‌ಐವಿ ಟೆಸ್ಟ್ ಕೆಡುವುದಿಲ್ಲ.