ಲಿನಕ್ಸ್‌ನಲ್ಲಿ ಆಟ ಸಲೀಸು, ಆಫೀಸ್ ಫೈಲೇ ತಲೆನೋವು

ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ (ಒಎಸ್) ಬರಲು ಹಿಂಜರಿಯುವವರು ಮೊದಲು ಕೇಳುವುದೇ "ಗೇಮ್ಸ್ ಓಡುತ್ತಾ?" ಅಂತ. ವರ್ಡ್, ಎಕ್ಸೆಲ್ ಮಾತು ಆಮೇಲೆ, ಅದೇನು ಮಹಾ ಅನ್ನೋ ಹಾಗೆ. ನನಗೆ ಆಗಿದ್ದು ಪೂರ್ತಿ ಉಲ್ಟಾ. ಆಟಗಳು ಹೆಚ್ಚು ತಂಟೆ ಮಾಡದೆ ಓಡಿದವು. ತಲೆ ತಿಂದಿದ್ದು ಬೇರೆಯವರು ಕಳಿಸಿದ ಡಾಕ್ಯುಮೆಂಟುಗಳು, ಫೋಟೋ ಎಡಿಟಿಂಗ್, ಇಂಥವು.

ಇದಕ್ಕೆ ಕಾರಣ ಇದೆ. ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಓಡುವುದು ವೈನ್ ಎಂಬ ತಂತ್ರಾಂಶದಿಂದ. 1993ರಿಂದ ಇರುವ ಪ್ರಾಜೆಕ್ಟ್ ಇದು. ಒಳಗೆ ನಕಲಿ ಕಂಪ್ಯೂಟರ್ ಏನೂ ಇರುವುದಿಲ್ಲ. ಪ್ರೋಗ್ರಾಂ ತನ್ನ ವಿಂಡೋಸ್ ಭಾಷೆಯಲ್ಲಿ "ಈ ಫೈಲ್ ತೆರಿ" ಅಂದರೆ ವೈನ್ ದುಬಾಷಿಯ ಹಾಗೆ ಅದನ್ನು ಲಿನಕ್ಸ್‌ಗೆ ಹೇಳುತ್ತದೆ, ಅಷ್ಟೇ. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಇದಕ್ಕೆ ಇನ್ನಷ್ಟು ಸೇರಿಸಿ, ಪ್ರೋಟಾನ್ ಅಂತ ಹೆಸರಿಟ್ಟು ತನ್ನ ಆಟದಂಗಡಿ ಸ್ಟೀಮ್ ಒಳಗೇ ಕೊಟ್ಟಿತು. ಗ್ರಾಫಿಕ್ಸ್ ಪಾಲು ನೋಡಿಕೊಳ್ಳುವುದು ಡಿಎಕ್ಸ್‌ವಿಕೆ. ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್ 9, 10, 11ರ ಆದೇಶಗಳನ್ನು ಅದು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ಬದಲಿಸುತ್ತದೆ. ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಅಂತ ಬೇರೆ ಇದೆ. ಡಿಎಕ್ಸ್‌ವಿಕೆ ಶುರುವಾಗಿದ್ದು ಫಿಲಿಪ್ ರೆಬೊಲೆ ಎಂಬ ಡೆವಲಪರ್‌ಗೆ ನಿಯರ್: ಆಟೊಮೇಟಾ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕು ಅನ್ನಿಸಿದ್ದರಿಂದ. ಒಬ್ಬರ ಹುಚ್ಚಿನಿಂದ ಊರಿಗೆಲ್ಲ ಲಾಭ! 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ವಾಲ್ವ್‌ನ ಸ್ಟೀಮ್ ಡೆಕ್ ಬಂತು. ಅದರೊಳಗೆ ಇರುವುದೇ ಲಿನಕ್ಸ್. ಅಲ್ಲಿಂದ ಮುಂದೆ ಆಟ ಓಡಿಸುವುದು ಒಂದು ಕಂಪನಿಯ ವ್ಯಾಪಾರದ ಪ್ರಶ್ನೆಯಾಯಿತು. ಆಫೀಸ್ ತಂತ್ರಾಂಶಕ್ಕೆ ಈ ಮಟ್ಟದಲ್ಲಿ ಬೆನ್ನಿಗೆ ನಿಂತವರು ಯಾರೂ ಇಲ್ಲ.

ಶುರುವಿನಲ್ಲಿ ಗಮನ ಕೊಡಬೇಕಾದದ್ದು ಡ್ರೈವರ್ ಕಡೆಗೆ. ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಬೇರೆ ಏನೂ ಹಾಕಬೇಕಾಗಿಲ್ಲ. ಕರ್ನಲ್ (ಒಎಸ್‌ನ ತಿರುಳು) ಮತ್ತು ಮೆಸಾ (ಗ್ರಾಫಿಕ್ಸ್ ಡ್ರೈವರ್‌ಗಳ ಕಟ್ಟು) ಜೊತೆಗೇ ಬಂದಿರುತ್ತದೆ. ಎನ್‌ವಿಡಿಯಾ ಇದ್ದರೆ ಅವರದೇ ಡ್ರೈವರ್ ಹಾಕಿಕೊಳ್ಳಿ. ಹಾಕಿದ ಮೇಲೂ ಆಟ ಆಮೆಯ ಹಾಗೆ ತೆವಳಿದರೆ ಸೆಕ್ಯೂರ್ ಬೂಟ್ (ಕಂಪ್ಯೂಟರ್ ಏಳುವಾಗಿನ ಭದ್ರತಾ ತಪಾಸಣೆ) ಮೇಲೆ ಅನುಮಾನ ಪಡಿ. ಸಹಿ ಇಲ್ಲದ ಡ್ರೈವರ್ ಮಾಡ್ಯೂಲನ್ನು ಅದು ಲೋಡ್ ಆಗಲು ಬಿಡುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳಿ, ರೀಬೂಟ್ ಆದಾಗ ನೀಲಿ ಪರದೆಯಲ್ಲಿ ಕೀ ಸೇರಿಸಲು ಹೇಳುತ್ತದಲ್ಲ, ಅದನ್ನು ಮಾಡದೆ ಮುಂದೆ ಹೋದರೆ ಡ್ರೈವರ್ ಲೋಡ್ ಆಗದೆ ಸುಮ್ನೆ ಕೂತಿರುತ್ತದೆ. ಇನ್ನೊಂದು ವಿಷಯ, 32 ಬಿಟ್ ಲೈಬ್ರರಿಗಳು ಇರಲೇಬೇಕು. ಸ್ಟೀಮ್‌ಗೂ ಬೇಕು, ಹಳೆಯ ಆಟಗಳಿಗೂ ಬೇಕು.

ಆಮೇಲೆ ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ಅನ್ನುವ ಕಡೆ ನೋಡಿ, ಎಲ್ಲ ಆಟಗಳಿಗೂ ಪ್ರೋಟಾನ್ ಆನ್ ಆಗಿದೆಯಾ ಅಂತ. ಆಟವೊಂದು ಏಳಲಿಲ್ಲ ಅಂದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ ಪ್ರೋಟಾನ್ ಆವೃತ್ತಿ ಬದಲಿಸಿ ನೋಡುತ್ತೇನೆ. ಮೊದಲು ಹಿಂದಿನ ಆವೃತ್ತಿ, ಅದಾಗದಿದ್ದರೆ ಎಕ್ಸ್‌ಪೆರಿಮೆಂಟಲ್, ಕೊನೆಗೆ ಸಮುದಾಯದವರು ಮಾಡಿದ ಜಿಇ-ಪ್ರೋಟಾನ್. ಕಟ್‌ಸೀನ್ ವಿಡಿಯೋ ಬದಲು ಬಣ್ಣದ ಪಟ್ಟಿ ಕಾಣಿಸುವ ಆಟಗಳಿಗೆ ಈ ಜಿಇ ಎಷ್ಟೋ ಸಲ ಮದ್ದು. ಕೆಲವು ಆಟಗಳಿಗೆ ಲಿನಕ್ಸ್‌ನದೇ ಆವೃತ್ತಿ ಇರುತ್ತದೆ. ಅದೇ ಒಳ್ಳೆಯದು ಅಂತ ನಂಬಬೇಡಿ. ಹಿಂದೊಮ್ಮೆ ಮಾಡಿ ಕೈಬಿಟ್ಟ ಲಿನಕ್ಸ್ ಆವೃತ್ತಿಗಿಂತ ಪ್ರೋಟಾನ್ ಮೂಲಕ ಓಡುವ ವಿಂಡೋಸ್ ಆವೃತ್ತಿಯೇ ಎಷ್ಟೋ ಕಡೆ ಮೇಲು.

ಜಾಸ್ತಿ ಜನ ಎಡವುವುದು ಡಿಸ್ಕ್ ವಿಷಯದಲ್ಲಿ. ವಿಂಡೋಸ್‌ನಲ್ಲಿ ಇಳಿಸಿಕೊಂಡ ಆಟಗಳು ಎನ್‌ಟಿಎಫ್‌ಎಸ್ (ವಿಂಡೋಸ್‌ನ ಡಿಸ್ಕ್ ರೂಪ) ಡ್ರೈವ್‌ನಲ್ಲಿ ಇವೆಯಲ್ಲ, ಅಲ್ಲಿಂದಲೇ ಓಡಿಸೋಣ ಅನ್ನಿಸುತ್ತದೆ. ಬೇಡ. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ವಿಂಡೋಸ್ ಫೋಲ್ಡರ್ ಕಟ್ಟುತ್ತದೆ. ಅದರೊಳಗೆ ಸಿ ಡ್ರೈವ್ ಅಂತ ತೋರಿಸಲು "ಸಿ:" ಎಂಬ ಹೆಸರಿನ ಲಿಂಕ್ ಇಡುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿನೊಳಗೆ ಆ ಎರಡು ಚುಕ್ಕೆ ಬರುವ ಹಾಗಿಲ್ಲ. ಅಲ್ಲಿಂದ ಎಡವಟ್ಟು ಶುರು. ಪ್ಲೇ ಒತ್ತಿದರೆ ಬಟನ್ ಒಂದು ಕ್ಷಣ ಸ್ಟಾಪ್ ಅಂತ ತೋರಿಸಿ ಮತ್ತೆ ಪ್ಲೇ ಆಗುತ್ತದೆ, ಒಂದು ಎರರ್ ಕೂಡ ಬರೋದಿಲ್ಲ. ನಾನು ಆಟಗಳಿಗೇ ಅಂತ ಲಿನಕ್ಸ್‌ನದೇ ರೂಪದ ಇಎಕ್ಸ್‌ಟಿ4 ಪಾರ್ಟಿಷನ್ ಬೇರೆ ಮಾಡಿಟ್ಟಿದ್ದೇನೆ.

ಆ ಪುಟ್ಟ ಫೋಲ್ಡರ್ ಎಲ್ಲಿರುತ್ತದೆ ಅಂತ ತಿಳಿದಿದ್ದರೆ ತುಂಬಾ ಅನುಕೂಲ. ಸ್ಟೀಮ್‌ಆ್ಯಪ್ಸ್ ಒಳಗೆ ಕಾಂಪ್ಯಾಟ್‌ಡೇಟಾ ಅಂತ ಇದೆ. ಅದರಲ್ಲಿ ಹೆಸರುಗಳ ಬದಲು ಬರೀ ನಂಬರ್. ಪ್ರತಿ ನಂಬರ್ ಒಂದು ಆಟ. ಉದಾಹರಣೆಗೆ 292030 ಅಂದರೆ ವಿಚರ್ 3. ಒಳಗೆ ಹೋದರೆ ಪಿಎಫ್‌ಎಕ್ಸ್, ಅದರೊಳಗೆ ಡ್ರೈವ್_ಸಿ, ಯೂಸರ್ಸ್, ಸ್ಟೀಮ್‌ಯೂಸರ್, ಡಾಕ್ಯುಮೆಂಟ್ಸ್. ನೋಡಿದರೆ ಥೇಟ್ ವಿಂಡೋಸ್. ಹಳೆಯ ಕಂಪ್ಯೂಟರಿನ ಸೇವ್ ಫೈಲುಗಳನ್ನು ಅಲ್ಲಿ ಗೇಮ್‌ಸೇವ್ಸ್ ಫೋಲ್ಡರ್‌ಗೆ ಹಾಕಿ ಆಟ ತೆರೆದರೆ ಬಿಟ್ಟ ಜಾಗದಿಂದಲೇ ಮುಂದುವರಿಯಬಹುದು. ಆಟ ತೀರಾ ಹದಗೆಟ್ಟರೆ ಆ ನಂಬರಿನ ಫೋಲ್ಡರ್ ಅಳಿಸಿ, ಪ್ರೋಟಾನ್ ಹೊಸದು ಮಾಡಿಕೊಳ್ಳುತ್ತದೆ. ಆದರೆ ಕ್ಲೌಡ್ ಸೇವ್ ಇಲ್ಲದ ಆಟ ಆದರೆ ಸೇವ್ ಫೈಲ್ ಕೂಡ ಜೊತೆಗೇ ಹೋಗುತ್ತದೆ. ಮೊದಲು ಕಾಪಿ ಮಾಡಿಟ್ಟುಕೊಳ್ಳಿ.

ಎಪಿಕ್, ಜಿಒಜಿ ಅಂಗಡಿಗಳ ಆಟಗಳಿಗೆ ಹೀರೋಯಿಕ್ ಲಾಂಚರ್ ಸಾಕು. ಹಳೆಯ ಸಿಡಿ ಕಾಲದ ಆಟಗಳಿಗೆ ಲೂಟ್ರಿಸ್.

ಆಟಗಳಲ್ಲಿ ಗೋಡೆ ಅಂತ ಇರುವುದು ಒಂದೇ, ಮೋಸ ಮಾಡುವವರನ್ನು ಹಿಡಿಯುವ ಆ್ಯಂಟಿ-ಚೀಟ್ ತಂತ್ರಾಂಶ. ವ್ಯಾಲರಂಟ್ ಬಳಸುವ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್ ಒಳಗೇ ಕೂರುವಂಥದ್ದು. ವೈನ್ ದಾಟಿಸುವುದು ಪ್ರೋಗ್ರಾಂ ಆಡುವ ಮಾತನ್ನು. ಇಲ್ಲದ ಕರ್ನಲನ್ನು ಎಲ್ಲಿಂದ ತರುತ್ತದೆ? ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್ ಜೊತೆ ಹೊಂದಿಕೊಂಡಿವೆ. ಆದರೆ ಸ್ವಿಚ್ ಇರುವುದು ಆಟ ಮಾಡಿದವರ ಕೈಯಲ್ಲಿ. ಕೆಲವರು ಹಾಕುತ್ತಾರೆ, ಕೆಲವರು ಹಾಕೋದಿಲ್ಲ. ಹಾಕಿದವರು ತೆಗೆದುಬಿಡುವುದೂ ಉಂಟು. ಅಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು, 2024ರಲ್ಲಿ ಬಾಗಿಲು ಹಾಕಿದರು. ಹಾಗಾಗಿ ಗೆಳೆಯರ ಜೊತೆ ದಿನಾ ಆಡುವ ಆನ್‌ಲೈನ್ ಆಟ ಒಂದಿದ್ದರೆ ಪ್ರೋಟಾನ್‌ಡಿಬಿಯಲ್ಲಿ (ಆಟಗಾರರು ತಮ್ಮ ಅನುಭವ ಬರೆಯುವ ತಾಣ) ಅದರ ಇತ್ತೀಚಿನ ವರದಿಗಳನ್ನು ಓದದೆ ವಿಂಡೋಸ್ ಅಳಿಸಬೇಡಿ. ಒಟ್ಟು ರೇಟಿಂಗ್ ನೋಡಿ ನಿರ್ಧರಿಸುವುದಕ್ಕಿಂತ ಹೊಸ ವರದಿ ಓದುವುದು ಮೇಲು.

ಇನ್ನು ಆಫೀಸ್ ಕಥೆ. ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶದಲ್ಲಿ ನಾನೇ ಬರೆದು ನಾನೇ ತೆರೆದರೆ ಯಾವ ತೊಂದರೆಯೂ ಇಲ್ಲ. ಬೇರೆಯವರ ವರ್ಡ್ ಫೈಲ್ ಬಂದಾಗ ನೋಡಬೇಕು ಅವತಾರ. ಒಂದು ಪುಟಕ್ಕೆ ಸರಿಯಾಗಿ ಕೂರಿಸಿದ್ದ ರೆಸ್ಯೂಮೆಯ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಜಾರಿರುತ್ತದೆ. ಟೇಬಲ್ ಗೆರೆ ಒಂದು ಕಡೆ, ಅಕ್ಷರ ಒಂದು ಕಡೆ. ಎಲ್ಲರೂ ಬೈಯುವುದು ಲಿಬ್ರೆಆಫೀಸನ್ನು. ನಾನು ನೋಡಿದ ಫೈಲುಗಳಲ್ಲಿ ಹೆಚ್ಚಿನ ಸಲ ತಪ್ಪು ಇದ್ದಿದ್ದು ಫಾಂಟಿನದು. ಫೈಲ್ ಕ್ಯಾಲಿಬ್ರಿ ಕೇಳುತ್ತದೆ, ಕಂಪ್ಯೂಟರಿನಲ್ಲಿ ಕ್ಯಾಲಿಬ್ರಿ ಇಲ್ಲ, ಅಗಲ ಬೇರೆ ಇರುವ ಇನ್ನೊಂದು ಫಾಂಟ್ ಬಂದು ಕೂರುತ್ತದೆ. ಅಕ್ಷರ ಒಂದು ಕೂದಲೆಳೆ ಅಗಲವಾದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಕ್ಯಾಲಿಬ್ರಿಗೆ ಸರಿಸಮ ಅಗಲದ ಕಾರ್ಲಿಟೊ, ಕ್ಯಾಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್‌ಗೆ ಲಿಬರೇಷನ್ ಫಾಂಟುಗಳು ಇವೆ. ಎಲ್ಲವೂ ಉಚಿತ. ಇವನ್ನು ಹಾಕಿಕೊಂಡ ಮೇಲೆ ನನ್ನ ಅರ್ಧ ಗೋಳು ಕಳೆಯಿತು. ಇನ್ನೂ ಹಟ ಮಾಡುವ ಫೈಲುಗಳನ್ನು ಓನ್ಲಿಆಫೀಸ್‌ನಲ್ಲಿ ತೆರೆಯುತ್ತೇನೆ. ವರ್ಡ್‌ನ ಫೈಲ್ ರೂಪವನ್ನೇ ತನ್ನ ಸ್ವಂತದ್ದಾಗಿ ಇಟ್ಟುಕೊಂಡಿರುವುದರಿಂದ ಅದು ಲೇಔಟ್ ಕಡಿಮೆ ಕೆಡಿಸುತ್ತದೆ. ಕಳಿಸುವಾಗ, ಎದುರಿನವರು ತಿದ್ದಬೇಕಾಗಿಲ್ಲ ಅಂದರೆ ಪಿಡಿಎಫ್.

ಎಕ್ಸೆಲ್‌ನ ವಿಷಯದಲ್ಲಿ ಸುಳ್ಳು ಹೇಳೋದಿಲ್ಲ. ಸಾಮಾನ್ಯ ಲೆಕ್ಕ, ಪಿವಟ್ ಟೇಬಲ್ ಎಲ್ಲ ಆಗುತ್ತದೆ. ಮ್ಯಾಕ್ರೋ (ಶೀಟಿನೊಳಗಿನ ಪುಟ್ಟ ಪ್ರೋಗ್ರಾಂ) ತುಂಬಿದ ಶೀಟ್, ಪವರ್ ಕ್ವೆರಿ (ಬೇರೆ ಕಡೆಯ ಡೇಟಾ ಎಳೆದು ತರುವ ಸೌಲಭ್ಯ) ಅಂದರೆ ಕೈ ಎತ್ತಬೇಕು. ಬ್ರೌಸರಿನ ಎಕ್ಸೆಲ್‌ನಲ್ಲೂ ಆ ಮ್ಯಾಕ್ರೋ ಓಡುವುದಿಲ್ಲ. ಅಂಥದ್ದಕ್ಕೆ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೇ ಓಡುವ ನಕಲಿ ಕಂಪ್ಯೂಟರ್) ಒಂದು ವಿಂಡೋಸ್ ಇಟ್ಟುಕೊಳ್ಳುವುದೇ ನೆಮ್ಮದಿ. ಆಫೀಸನ್ನು ವೈನ್‌ನಲ್ಲಿ ಕೂರಿಸಲು ಹೋಗುವುದು ನನ್ನ ಪ್ರಕಾರ ಸಮಯ ಹಾಳು. ಪ್ರೋಗ್ರಾಂ ಅಷ್ಟೇ ಆದರೆ ಹೇಗೋ ಮಾಡಬಹುದು. ಅದರ ಬೆನ್ನಿಗೆ ಇನ್‌ಸ್ಟಾಲರ್, ಲೈಸೆನ್ಸ್ ಪರೀಕ್ಷೆ, ಅಪ್‌ಡೇಟರ್ ಅಂತ ಒಂದು ದಂಡೇ ಇರುತ್ತದೆ. ಇವತ್ತು ಓಡಿದ್ದು ನಾಳೆ ಅಪ್‌ಡೇಟ್ ಬಂದ ಮೇಲೆ ಓಡುತ್ತದೆ ಅನ್ನುವ ಖಾತ್ರಿ ಇಲ್ಲ.

ಫೋಟೋಶಾಪ್‌ದೂ ಇದೇ ಹಾಡು. ಪಿಎಸ್‌ಡಿ ಫೈಲ್ ತೆರೆದು ಸಣ್ಣಪುಟ್ಟ ಬದಲಾವಣೆ ಮಾಡಲು ಬ್ರೌಸರಿನಲ್ಲೇ ಓಡುವ ಫೋಟೋಪಿಯಾ ಬಳಸುತ್ತೇನೆ. ಗಿಂಪ್ ಎಂಬ ಉಚಿತ ಫೋಟೋ ಎಡಿಟರ್ 2025ರಲ್ಲಿ 3.0 ಆದ ಮೇಲೆ ಫಿಲ್ಟರ್ ಹಾಕಿದ ನಂತರವೂ ತಿದ್ದಲು ಬಿಡುತ್ತದೆ, ಹಿಂದೆ ಇದೇ ದೊಡ್ಡ ಕೊರತೆಯಾಗಿತ್ತು. ಚಿತ್ರ ಬಿಡಿಸುವವರಿಗೆ ಕ್ರಿತಾ. ವಿಡಿಯೋಗೆ ಡಾವಿಂಚಿ ರಿಸಾಲ್ವ್ ಲಿನಕ್ಸ್‌ಗೂ ಇದೆ ಅಂತ ಕುಣಿಯುವ ಮೊದಲು ಒಂದು ಮಾತು: ಲಿನಕ್ಸ್‌ನ ಉಚಿತ ಆವೃತ್ತಿ ಎಚ್.264 ರೂಪದ ವಿಡಿಯೋ ತೆಗೆದುಕೊಳ್ಳುವುದಿಲ್ಲ. ಫೋನಿನ ವಿಡಿಯೋ ಎಷ್ಟೋ ಸಲ ಅದೇ ಅಲ್ವಾ? ಎಫ್‌ಎಫ್‌ಎಂಪೆಗ್‌ನಲ್ಲಿ ಬೇರೆ ರೂಪಕ್ಕೆ ಬದಲಿಸಿಕೊಂಡು ಹಾಕಬೇಕು. ಅಷ್ಟು ರಗಳೆ ಬೇಡ ಅನ್ನುವವರಿಗೆ ಕೆಡೆನ್‌ಲೈವ್ ಸಾಕು.

ಎರಡೂ ಒಎಸ್ ಪಕ್ಕಪಕ್ಕ ಇಟ್ಟುಕೊಳ್ಳುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಶಟ್‌ಡೌನ್ ಒತ್ತಿದರೂ ಅದು ಅರೆನಿದ್ದೆಯಲ್ಲೇ ಇರುತ್ತದೆ. ಆಗ ಆ ಡ್ರೈವನ್ನು ಲಿನಕ್ಸ್‌ನಿಂದ ಓದಬಹುದು, ಬರೆಯಲು ಬಿಡುವುದಿಲ್ಲ. ವಿಂಡೋಸ್‌ಗೆ ಹೋದಾಗಲೆಲ್ಲ ಗಡಿಯಾರ ತಪ್ಪು ತೋರಿಸಿದರೆ ಬ್ಯಾಟರಿ ಬದಲಿಸಲು ಓಡಬೇಡಿ. ಮದರ್‌ಬೋರ್ಡ್ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂತ. ಲಿನಕ್ಸ್‌ನಲ್ಲಿ ಒಂದೇ ಆದೇಶದಿಂದ ಅದನ್ನೂ ಸ್ಥಳೀಯ ಸಮಯಕ್ಕೆ ತರಬಹುದು. ನಾನು ವಿಂಡೋಸ್ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬುದಕ್ಕೆ 1 ಕೊಟ್ಟು ಎರಡನ್ನೂ ಯುಟಿಸಿಯಲ್ಲೇ ಇಟ್ಟಿದ್ದೇನೆ.